ಶುಕ್ರವಾರ ಸಂಜೆಯ ಕಾಫಿ, ಬಾಖ್‌ನ ಸಂಗೀತ

ಕಾಫಿ ಎಂದಾಕ್ಷಣ ನಮಗೆ ನೆನಪಾಗುವುದು ಚಿಕ್ಕಮಗಳೂರಿನ ಬೆಟ್ಟಗಳು. ಹದಿನೇಳನೇ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸೂಫಿ ಸಂತರು ಯೆಮೆನ್ ದೇಶದಿಂದ ಏಳು ಕಾಫಿ ಬೀಜಗಳನ್ನು ತಂದು ಅಲ್ಲಿ ಬಿತ್ತಿದರು ಎಂಬ ಕಥೆಯನ್ನು ಶಾಲೆಯಲ್ಲೇ ಕೇಳಿರುತ್ತೇವೆ. ಅದೇ ಶತಮಾನದ ಕೊನೆಯ ವರ್ಷಗಳಲ್ಲಿ ಡಚ್ಚರು ಮಲಬಾರ್ ಕರಾವಳಿಯಿಂದ ಕಾಫಿ ಸಸಿಗಳನ್ನು ಜಾವಾ ದ್ವೀಪಕ್ಕೆ ಒಯ್ದು ಬೆಳೆಸಿದರು. ಮುಂದೆ ಕೆಲವೇ ವರ್ಷಗಳಲ್ಲಿ ಜಾವಾದ ಕಾಫಿ ಹಡಗು ಹತ್ತಿ ಯುರೋಪ್ ಸೇರಿತು. ಯುರೋಪಿನ ಊರೂರಲ್ಲಿ ಆಗ ಕಾಫಿ ಹೌಸ್‌ಗಳು ತೆರೆದುಕೊಳ್ಳುತ್ತಿದ್ದವು. ಅಂಥ ಒಂದು ಕಾಫಿ ಹೌಸ್ ಜರ್ಮನಿಯ ಲೈಪ್‌ಜಿಗ್ ನಗರದಲ್ಲಿತ್ತು. ಅಲ್ಲಿ ಪ್ರತಿ ಶುಕ್ರವಾರ ಸಂಜೆ ಸಂಗೀತ ಕಛೇರಿ ನಡೆಯುತ್ತಿತ್ತು. ಟಿಕೆಟ್ ಇರಲಿಲ್ಲ. ಕಾಫಿ ತರಿಸಿಕೊಂಡು ಕೂತರೆ ಸಾಕು. ಆ ಕಛೇರಿಯನ್ನು ನಡೆಸುತ್ತಿದ್ದವನು ಜೊಹಾನ್ ಸೆಬಾಸ್ಟಿಯನ್ ಬಾಖ್!

ಪಾಶ್ಚಾತ್ಯ ಸಂಗೀತದ ಗಂಧಗಾಳಿ ಇಲ್ಲದವರೂ ಕೇಳಿರುವ ಹೆಸರು ಅದು. ಅವನ ಚಿತ್ರ ನೋಡಿದರೆ ಬಿಳಿ ಟೋಪನ್, ಗಂಭೀರ ಮುಖ, ಕೈಯಲ್ಲೊಂದು ಸ್ವರಲಿಪಿಯ ಹಾಳೆ. ಈ ಮನುಷ್ಯ ಚರ್ಚಿನಿಂದ ಆಚೆ ಕಾಲಿಟ್ಟಿರಲಾರ ಎನಿಸುತ್ತದೆ. ಆದರೆ ಅವನ ಬದುಕಿನ ಹತ್ತಕ್ಕೂ ಹೆಚ್ಚು ವರ್ಷ ಆ ಕಾಫಿ ಹೌಸಿನೊಂದಿಗೆ ಬೆಸೆದುಕೊಂಡಿತ್ತು. ಅವನು ಅಲ್ಲಿಗೆ ಯಾಕೆ ಹೋದ ಎಂದು ತಿಳಿಯಬೇಕಾದರೆ ಅವನ ಬಾಲ್ಯದಿಂದಲೇ ಶುರು ಮಾಡಬೇಕು.

ಬೆಳದಿಂಗಳಲ್ಲಿ ಬರೆದ ಹುಡುಗ

ಬಾಖ್ ಹುಟ್ಟಿದ್ದು 1685ರ ಮಾರ್ಚ್ 21ರಂದು, ಐಸೆನಾಖ್ ಎಂಬ ಪಟ್ಟಣದಲ್ಲಿ. ಆಗ ನಮ್ಮ ಮಲೆನಾಡನ್ನು ಕೆಳದಿಯ ಚೆನ್ನಮ್ಮ ಆಳುತ್ತಿದ್ದಳು. ಬಾಖ್‌ನದು ತಲೆಮಾರುಗಳಿಂದ ಸಂಗೀತವನ್ನೇ ನಂಬಿದ ಮನೆತನ. ತಂದೆ ಊರಿನ ವಾದ್ಯಗಾರ. ಆದರೆ ಹುಡುಗನಿಗೆ ಒಂಬತ್ತು ವರ್ಷವಾದಾಗ ತಾಯಿ ತೀರಿಕೊಂಡಳು. ವರ್ಷ ತುಂಬುವ ಮೊದಲೇ ತಂದೆಯೂ ಹೋದ. ತಬ್ಬಲಿ ಹುಡುಗ ಓರ್ಡ್ರುಫ್ ಎಂಬ ಊರಿನಲ್ಲಿದ್ದ ಅಣ್ಣನ ಮನೆ ಸೇರಿದ.

ಅಣ್ಣ ಚರ್ಚಿನಲ್ಲಿ ಆರ್ಗನ್ ನುಡಿಸುವವನು. ಅವನ ಬೀರುವಿನಲ್ಲಿ ದೊಡ್ಡ ಸಂಗೀತಗಾರರ ಕೃತಿಗಳ ಕೈಬರಹದ ಪುಸ್ತಕವೊಂದಿತ್ತು. ತಮ್ಮ ಎಷ್ಟು ಬೇಡಿದರೂ ಕೊಡಲಿಲ್ಲವಂತೆ. ಹುಡುಗ ರಾತ್ರಿ ಎಲ್ಲರೂ ಮಲಗಿದ ಮೇಲೆ ಬೀರುವಿನ ಜಾಲರಿಯೊಳಗೆ ಕೈ ತೂರಿಸಿ ಪುಸ್ತಕವನ್ನು ಸುರುಳಿ ಸುತ್ತಿ ಎಳೆದುಕೊಳ್ಳುತ್ತಿದ್ದ. ದೀಪ ಹಚ್ಚಿದರೆ ಸಿಕ್ಕಿಬೀಳುತ್ತಾನೆ. ಹಾಗಾಗಿ ಬೆಳದಿಂಗಳಲ್ಲೇ ನಕಲು ಮಾಡಿದ. ಇಡೀ ಪುಸ್ತಕ ಮುಗಿಸಲು ಆರು ತಿಂಗಳು ಹಿಡಿಯಿತು. ಕೊನೆಗೆ ಅಣ್ಣನಿಗೆ ವಿಷಯ ತಿಳಿದು ಆ ನಕಲನ್ನೂ ಕಿತ್ತುಕೊಂಡ ಎಂದು ಬಾಖ್‌ನ ಮಗನೇ ಸೇರಿ ಬರೆದ ಶ್ರದ್ಧಾಂಜಲಿ ಲೇಖನದಲ್ಲಿದೆ.

ಹದಿನೆಂಟನೇ ವಯಸ್ಸಿಗೆ ಆರ್ನ್‌ಸ್ಟಾಟ್ ಎಂಬ ಊರಿನಲ್ಲಿ ಆರ್ಗನ್ ನುಡಿಸುವ ಕೆಲಸ ಸಿಕ್ಕಿತು. ಇಪ್ಪತ್ತರ ಹರೆಯದಲ್ಲಿ, ಅಂದರೆ 1705ರಲ್ಲಿ, ನಾಲ್ಕು ವಾರ ರಜೆ ಕೇಳಿ ಲ್ಯೂಬೆಕ್ ನಗರಕ್ಕೆ ಹೊರಟ. ಬುಕ್ಸ್‌ಟೆಹುಡ ಎಂಬ ಹಿರಿಯ ಸಂಗೀತಗಾರನನ್ನು ಕೇಳುವುದೇ ಅವನ ಉದ್ದೇಶ. ದೂರ 400 ಕಿಲೋಮೀಟರಿಗೂ ಹೆಚ್ಚು. ದಾವಣಗೆರೆಯಿಂದ ಬೆಂಗಳೂರಿಗೆ ಹೋಗಿ ಮುಂದೆ ಮೈಸೂರು ಮುಟ್ಟುವಷ್ಟು ದಾರಿ. ಅವನು ಅದನ್ನು ನಡೆದೇ ಕ್ರಮಿಸಿದ. ಹೋದವನು ಸಂಗೀತದಲ್ಲಿ ಮುಳುಗಿ ನಾಲ್ಕು ವಾರದ ಬದಲು ಸುಮಾರು ನಾಲ್ಕು ತಿಂಗಳಾದ ಮೇಲೆ ವಾಪಸು ಬಂದ. ಚರ್ಚಿನವರು ವಿಚಾರಣೆಗೆ ಕರೆದರು. ಮೇಲಿನವರೊಂದಿಗೆ ಅವನ ಜಗಳ ಶುರುವಾಗಿದ್ದೇ ಹೀಗೆ. ಅದು ಬದುಕಿನುದ್ದಕ್ಕೂ ಮುಗಿಯಲಿಲ್ಲ.

ವೈಮಾರ್‌ನಲ್ಲಿ ಡ್ಯೂಕ್‌ನ ಆಸ್ಥಾನದಲ್ಲಿದ್ದಾಗ ಬೇರೆ ಕಡೆ ಒಳ್ಳೆಯ ಕೆಲಸ ಸಿಕ್ಕಿತೆಂದು ಬಿಡುಗಡೆ ಕೇಳಿದ. ಡ್ಯೂಕ್ ಒಪ್ಪಲಿಲ್ಲ. ಬಾಖ್ ಪಟ್ಟು ಬಿಡಲಿಲ್ಲ. 1717ರ ನವೆಂಬರ್‌ನಲ್ಲಿ ಅವನನ್ನು ಸುಮಾರು ನಾಲ್ಕು ವಾರ ಸೆರೆಯಲ್ಲಿಟ್ಟರು. ಆಮೇಲೆ ಕೆಲಸದಿಂದ ತೆಗೆದು ಕಳಿಸಿದರು. ಮುಂದಿನ ಊರು ಕ್ಯೋಥನ್. ಅಲ್ಲಿನ ದೊರೆ ಲಿಯೊಪೋಲ್ಡ್ ಸ್ವತಃ ಸಂಗೀತಪ್ರಿಯ. ಬಾಖ್‌ನ ನೆಮ್ಮದಿಯ ದಿನಗಳು ಅವು. ಆದರೆ 1720ರಲ್ಲಿ ದೊರೆಯ ಜೊತೆ ಪ್ರವಾಸ ಹೋಗಿದ್ದ ಬಾಖ್ ಮನೆಗೆ ಬಂದಾಗ ಹೆಂಡತಿ ಮರಿಯಾ ಬಾರ್ಬರಾ ಇರಲಿಲ್ಲ. ಅವಳು ತೀರಿಕೊಂಡು, ಮಣ್ಣು ಮಾಡಿಯೂ ಆಗಿತ್ತು. ಮುಂದಿನ ವರ್ಷ ಆನಾ ಮ್ಯಾಗ್ಡಲೀನಾ ಎಂಬ ಗಾಯಕಿಯನ್ನು ಮದುವೆಯಾದ. ಎರಡೂ ಮದುವೆಗಳಿಂದ ಅವನಿಗೆ ಇಪ್ಪತ್ತು ಮಕ್ಕಳು. ದೊಡ್ಡವರಾಗುವವರೆಗೆ ಉಳಿದದ್ದು ಹತ್ತೇ ಮಂದಿ.

ಮೂರನೇ ಆಯ್ಕೆಯ ಮೇಷ್ಟ್ರು

1723ರಲ್ಲಿ ಬಾಖ್ ಲೈಪ್‌ಜಿಗ್‌ಗೆ ಬಂದ. ದೊಡ್ಡ ವ್ಯಾಪಾರದ ಊರು. ವರ್ಷಕ್ಕೆ ಮೂರು ಸಲ ಜಾತ್ರೆಯಂಥ ಸಂತೆ, ಹಳೆಯ ವಿಶ್ವವಿದ್ಯಾಲಯ, ಪುಸ್ತಕದ ಅಂಗಡಿಗಳು. ಸಂತ ಥಾಮಸ್ ಶಾಲೆಯ ಸಂಗೀತದ ಮೇಷ್ಟ್ರ ಹುದ್ದೆ ಖಾಲಿಯಿತ್ತು. ಊರಿನ ಆಡಳಿತ ಮಂಡಳಿಗೆ ಮೊದಲು ಬೇಕಾಗಿದ್ದವನು ಟೆಲಿಮಾನ್. ಅವನು ಬರಲಿಲ್ಲ. ಆಮೇಲೆ ಗ್ರೌಪ್ನರ್. ಅವನನ್ನು ಅವನ ಯಜಮಾನ ಬಿಟ್ಟುಕೊಡಲಿಲ್ಲ. ಕೊನೆಗೆ ಬಾಖ್‌ನನ್ನು ತೆಗೆದುಕೊಂಡರು. ಇಂದು ಜಗತ್ತೇ ತಲೆಬಾಗುವ ಸಂಗೀತಗಾರ ಆ ಊರಿಗೆ ಮೂರನೇ ಆಯ್ಕೆ!

ಕೆಲಸವೋ, ಬೆನ್ನು ಬಾಗುವಷ್ಟು. ಶಾಲೆಯ ಹುಡುಗರಿಗೆ ಪಾಠ ಹೇಳಬೇಕು, ನಾಲ್ಕು ಚರ್ಚುಗಳ ಸಂಗೀತ ನೋಡಿಕೊಳ್ಳಬೇಕು. ಭಾನುವಾರಗಳಿಗೆ ಕಂಟಾಟಾ ಸಿದ್ಧವಾಗಬೇಕು. ಕಂಟಾಟಾ ಎಂದರೆ ಹಾಡುಗಾರರೂ ವಾದ್ಯದವರೂ ಸೇರಿ ನಡೆಸಿಕೊಡುವ, ಹಲವು ಹಾಡುಗಳನ್ನು ಪೋಣಿಸಿದ ಕೃತಿ. ಮೊದಲ ಕೆಲವು ವರ್ಷ ಬಾಖ್ ಹೆಚ್ಚುಕಡಿಮೆ ವಾರಕ್ಕೊಂದರಂತೆ ಹೊಸದನ್ನು ಬರೆದ. ಬರೆದು, ಪ್ರತಿ ವಾದ್ಯದವನಿಗೂ ಪ್ರತ್ಯೇಕ ಹಾಳೆ ನಕಲು ಮಾಡಿಸಿ, ಹುಡುಗರಿಗೆ ಕಲಿಸಿ, ಭಾನುವಾರ ಹಾಡಿಸಬೇಕು. ಸೋಮವಾರ ಮತ್ತೆ ಮೊದಲಿನಿಂದ.

ಇಷ್ಟಾದರೂ ಆಡಳಿತ ಮಂಡಳಿಗೆ ತೃಪ್ತಿಯಿಲ್ಲ. ಪಾಠ ಸರಿಯಾಗಿ ಮಾಡುವುದಿಲ್ಲ ಎಂದು ದೂರಿದರು. ಅವನಿಗೆ ಬೇಕಾದಷ್ಟು ವಾದ್ಯಗಾರರನ್ನು ಕೊಡಲಿಲ್ಲ. ಚರ್ಚಿನ ಸಂಗೀತಕ್ಕೆ ಕೈಜೋಡಿಸುತ್ತಿದ್ದ ವಿದ್ಯಾರ್ಥಿಗಳಿಗೆ ಕೊಡುತ್ತಿದ್ದ ಚಿಲ್ಲರೆ ಹಣವನ್ನೂ ನಿಲ್ಲಿಸಿದ್ದರು. 1730ರಲ್ಲಿ ಬಾಖ್ ಒಂದು ದೀರ್ಘ ಮನವಿ ಬರೆದು, ಒಳ್ಳೆಯ ಸಂಗೀತಕ್ಕೆ ಎಷ್ಟು ಜನ ಬೇಕು, ತನ್ನ ಬಳಿ ಇರುವವರಲ್ಲಿ ಎಷ್ಟು ಮಂದಿ ಪ್ರಯೋಜನಕ್ಕೆ ಬರುತ್ತಾರೆ ಎಂದು ಲೆಕ್ಕ ಕೊಟ್ಟ. ಅದೇ ವರ್ಷ ಬಾಲ್ಯದ ಗೆಳೆಯನೊಬ್ಬನಿಗೆ ಪತ್ರ ಬರೆದು ಬೇರೆ ಕಡೆ ಕೆಲಸ ಇದ್ದರೆ ಹೇಳು ಎಂದು ಕೇಳಿಕೊಂಡ. ಮೇಷ್ಟ್ರಿಗೆ ಮದುವೆ, ಶವಸಂಸ್ಕಾರಗಳಲ್ಲಿ ಹಾಡಿಸಿದ್ದಕ್ಕೆ ದಕ್ಷಿಣೆ ಬರುತ್ತಿತ್ತು. ಹಿಂದಿನ ವರ್ಷ ಊರಿನ ಹವೆ ಚೆನ್ನಾಗಿದ್ದು ಸಾಯುವವರು ಕಡಿಮೆಯಾದರೆಂದೂ ಅದರಿಂದ ತನಗೆ 100 ಥಾಲರ್‌ಗೂ ಹೆಚ್ಚು ನಷ್ಟವಾಯಿತೆಂದೂ ಆ ಪತ್ರದಲ್ಲಿ ಹೇಳಿಕೊಂಡಿದ್ದಾನೆ. ಓದಿದರೆ ನಗು ಬರುತ್ತದೆ. ಜೊತೆಗೆ, ಮನೆ ತುಂಬ ಮಕ್ಕಳಿದ್ದ ಒಬ್ಬ ನೌಕರನ ತಿಂಗಳ ಕೊನೆಯ ಸಂಕಟವೂ ಕಾಣುತ್ತದೆ.

ಜಿಮ್ಮರ್‌ಮನ್‌ನ ಬಾಗಿಲು

ಈ ಹೊತ್ತಿನಲ್ಲೇ ಬಾಖ್‌ಗೆ ಇನ್ನೊಂದು ಜಾಗ ಸಿಕ್ಕಿತು. ಮಾರುಕಟ್ಟೆ ಚೌಕದಿಂದ ಹೊರಡುವ ಕ್ಯಾಥರೀನ್ ಬೀದಿಯಲ್ಲಿ ಗಾಟ್‌ಫ್ರೀಡ್ ಜಿಮ್ಮರ್‌ಮನ್ ಎಂಬವನ ಕಾಫಿ ಹೌಸ್ ಇತ್ತು. ಬಾಖ್ ವಾಸವಿದ್ದ ಶಾಲೆಯಿಂದ ಹತ್ತು ನಿಮಿಷದ ನಡಿಗೆಯೂ ಅಲ್ಲ. ಅಲ್ಲಿ ಕೊಲೇಜಿಯಂ ಮ್ಯೂಸಿಕಂ ಎಂಬ ತಂಡ ಸೇರುತ್ತಿತ್ತು. ಆ ತಂಡವನ್ನು 1702ರ ಸುಮಾರಿಗೆ ಕಟ್ಟಿದವನು ಟೆಲಿಮಾನ್. ಆಗ ಅವನು ಕಾನೂನು ಓದುತ್ತಿದ್ದ ಇಪ್ಪತ್ತರ ಆಸುಪಾಸಿನ ಹುಡುಗ. ಅದರ ಸದಸ್ಯರೂ ಬಹುತೇಕ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೇ. ಹಗಲು ಕಾನೂನನ್ನೋ ಧರ್ಮಶಾಸ್ತ್ರವನ್ನೋ ಓದಿ, ಸಂಜೆ ಪಿಟೀಲು, ಕೊಳಲು ಹಿಡಿದು ಬರುವವರು.

1729ರ ವಸಂತದಲ್ಲಿ ಬಾಖ್ ಈ ತಂಡದ ಮುಂದಾಳಾದ. ಆಗ ಅವನ ವಯಸ್ಸು 44. ಚಳಿಗಾಲದಲ್ಲಿ ಶುಕ್ರವಾರ ರಾತ್ರಿ 8ರಿಂದ 10ರವರೆಗೆ ಕಾಫಿ ಹೌಸಿನ ಒಳಗೆ ಕಛೇರಿ. ಬೇಸಿಗೆಯಲ್ಲಿ ಬುಧವಾರ ಸಂಜೆ 4ರಿಂದ 6ರವರೆಗೆ, ಊರ ಬಾಗಿಲಿನ ಆಚೆಗೆ ಜಿಮ್ಮರ್‌ಮನ್‌ಗಿದ್ದ ತೋಟದಲ್ಲಿ. ಸಂತೆಯ ದಿನಗಳಲ್ಲಿ ಪರಊರಿನ ವ್ಯಾಪಾರಿಗಳು ತುಂಬಿರುತ್ತಿದ್ದುದರಿಂದ ವಾರಕ್ಕೆ ಎರಡು ಸಲ. ಇದೇ ಊರಿನ ಇನ್ನೊಂದು ಕಡೆ ಗ್ಯೋರ್ನರ್ ಎಂಬವನ ತಂಡ ಗುರುವಾರ ನುಡಿಸುತ್ತಿತ್ತು. ಅಂದರೆ ಕೇಳುವ ಜನ ಸಾಕಷ್ಟಿದ್ದರು.

ಜಿಮ್ಮರ್‌ಮನ್ ಸಂಗೀತಗಾರನಾಗಿ ಹೆಸರಾದವನಲ್ಲ, ಹೋಟೆಲ್ ನಡೆಸುವವನು. ಆದರೆ ತನ್ನ ಕೋಣೆಯನ್ನು ಬಿಟ್ಟುಕೊಟ್ಟ. ತಂಡದ ಬಳಕೆಗೆ ವಾದ್ಯಗಳನ್ನೂ ಇಟ್ಟುಕೊಂಡಿದ್ದ. ಕೇಳುಗರಿಂದ ಪ್ರವೇಶಧನ ವಸೂಲಿ ಮಾಡಲಿಲ್ಲ. ಕಾಫಿ ಖರ್ಚಾದರೆ ಅವನ ಲೆಕ್ಕ ಸರಿಹೋಗುತ್ತಿತ್ತು. ಅವನಿಗೆ ವ್ಯಾಪಾರ, ಹುಡುಗರಿಗೆ ಅಭ್ಯಾಸ, ಊರಿಗೆ ಸಂಗೀತ. ಕಾಫಿ ಹೌಸ್ ಎಂದರೆ ಆಗ ಗಂಡಸರ ಜಾಗ. ಆದರೆ ಈ ಕಛೇರಿಗಳಿಗೆ ಹೆಣ್ಣುಮಕ್ಕಳೂ ಬರಬಹುದಿತ್ತು.

ಬಾಖ್‌ಗೆ ಇಲ್ಲಿ ಸಿಕ್ಕಿದ್ದೇನು? ಚರ್ಚಿನಲ್ಲಿ ಅವನು ಸಂಬಳದ ನೌಕರ. ಯಾವ ದಿನಕ್ಕೆ ಯಾವ ವಿಷಯದ ಹಾಡು ಎಂಬುದು ಪಂಚಾಂಗದಂತೆ ಮೊದಲೇ ಗೊತ್ತಾಗಿರುತ್ತಿತ್ತು. ಕಾಫಿ ಹೌಸಿನಲ್ಲಿ ಅಂಥ ಕಟ್ಟುಪಾಡಿಲ್ಲ. ತನಗೆ ಇಷ್ಟವಾದ ಇತರರ ಕೃತಿಗಳನ್ನು ನುಡಿಸಿದ. ತನ್ನ ಹಳೆಯ ಪಿಟೀಲು ಕೃತಿಗಳನ್ನು ಹಾರ್ಪ್ಸಿಕಾರ್ಡ್‌ಗೆ ಹೊಂದಿಸಿದ. ಹಾರ್ಪ್ಸಿಕಾರ್ಡ್ ಎಂದರೆ ಪಿಯಾನೊಗಿಂತ ಹಳೆಯ, ತಂತಿಯನ್ನು ಮೀಟಿ ನಾದ ಹೊಮ್ಮಿಸುವ ಕೀಲಿಮಣೆಯ ವಾದ್ಯ. ಅದುವರೆಗೆ ಇತರರ ಹಿಂದೆ ನಿಂತು ಶ್ರುತಿ, ಲಯಕ್ಕೆ ಆಸರೆ ಕೊಡುತ್ತಿದ್ದ ಆ ವಾದ್ಯವನ್ನು ಬಾಖ್ ಮುಂದಕ್ಕೆ ತಂದು ಕೂರಿಸಿದ. ಇಡೀ ತಂಡ ಅದಕ್ಕೆ ಪಕ್ಕವಾದ್ಯವಾಯಿತು. ಇಂದು ಜಗತ್ತಿನ ದೊಡ್ಡ ಸಭಾಂಗಣಗಳಲ್ಲಿ ನಡೆಯುವ ಪಿಯಾನೊ ಕನ್ಸರ್ಟೊಗಳ ಬೇರು ಹುಡುಕಿದರೆ ಇಂಥ ಸಂಜೆಗಳೂ ಸಿಗುತ್ತವೆ. ಇಟಲಿಯ ವಿವಾಲ್ಡಿ ನಾಲ್ಕು ಪಿಟೀಲುಗಳಿಗೆ ಬರೆದ ಕೃತಿಯನ್ನು ಬಾಖ್ ನಾಲ್ಕು ಹಾರ್ಪ್ಸಿಕಾರ್ಡ್‌ಗಳಿಗೆ ಬದಲಿಸಿದ. ಅಪ್ಪನ ಪಕ್ಕದಲ್ಲಿ ಕೂತು ಮಕ್ಕಳೂ ಶಿಷ್ಯರೂ ಅದನ್ನು ನುಡಿಸಿರಬೇಕು.

1733ರ ಫೆಬ್ರವರಿಯಲ್ಲಿ ನಾಡಿನ ದೊರೆ ತೀರಿಕೊಂಡಾಗ ತಿಂಗಳುಗಟ್ಟಲೆ ಸಂಗೀತ ನಿಂತಿತು. ಜೂನ್‌ನಲ್ಲಿ ಕಛೇರಿ ಮತ್ತೆ ಶುರುವಾಗುವಾಗ ಆ ಊರು ಹಿಂದೆ ಕೇಳಿರದಂಥ ಹೊಸ ಹಾರ್ಪ್ಸಿಕಾರ್ಡ್ ಬಂದಿದೆ ಎಂದು ಸ್ಥಳೀಯ ಪತ್ರಿಕೆಯಲ್ಲಿ ಪ್ರಕಟಣೆ ಬಂತು. ಪತ್ರಿಕೆಯಲ್ಲಿ ಸುದ್ದಿ ಮಾಡುವ ಮಟ್ಟಕ್ಕೆ ಆ ಕಾಫಿ ಹೌಸ್ ಬೆಳೆದಿತ್ತು.

ಕಾಫಿ ಬಿಡದ ಮಗಳು

ಬಾಖ್ ಕಾಫಿಯ ಬಗ್ಗೆಯೇ ಒಂದು ಕೃತಿ ರಚಿಸಿದ್ದಾನೆ. 1734ರ ಸುಮಾರಿನ ಅದನ್ನು ಈಗ ಕಾಫಿ ಕಂಟಾಟಾ ಎಂದೇ ಕರೆಯುತ್ತಾರೆ. ಸಾಹಿತ್ಯ ಪಿಕಾಂಡರ್ ಎಂಬ ಕವಿಯದು. ಕಥೆ ನಮ್ಮ ಮನೆಯದೇ ಅನಿಸುತ್ತದೆ. ಶ್ಲೆಂಡ್ರಿಯಾನ್ ಎಂಬ ಸಿಡುಕ ತಂದೆ. ಲೀಷನ್ ಎಂಬ ಮಗಳಿಗೆ ದಿನಕ್ಕೆ ಮೂರು ಲೋಟ ಕಾಫಿ ಬೇಕೇ ಬೇಕು. ಕಾಫಿ ಬಿಡದಿದ್ದರೆ ಮದುವೆ ಮನೆಗಳಿಗೆ ಕಳಿಸುವುದಿಲ್ಲ, ತಿರುಗಾಡಲು ಬಿಡುವುದಿಲ್ಲ, ಹೊಸ ಲಂಗ ಕೊಡಿಸುವುದಿಲ್ಲ ಎಂದು ತಂದೆ ಹೆದರಿಸುತ್ತಾನೆ. ಮಗಳು ಯಾವುದಕ್ಕೂ ಜಗ್ಗುವುದಿಲ್ಲ. ಕೊನೆಗೆ ಗಂಡು ಹುಡುಕುವುದಿಲ್ಲ ಎಂದಾಗ ಸೋತವಳಂತೆ ಒಪ್ಪಿಕೊಳ್ಳುತ್ತಾಳೆ. ತಂದೆ ಖುಷಿಯಿಂದ ವರಾನ್ವೇಷಣೆಗೆ ಹೊರಡುತ್ತಾನೆ. ಇತ್ತ ಮಗಳು, ಬೇಕಾದಾಗ ಕಾಫಿ ಕುಡಿಯಲು ಬಿಡುತ್ತೇನೆಂದು ಕರಾರಿನಲ್ಲಿ ಬರೆದುಕೊಡುವವನನ್ನೇ ಮದುವೆಯಾಗುತ್ತೇನೆ ಎಂದು ಗುಟ್ಟಾಗಿ ಸುದ್ದಿ ಹಬ್ಬಿಸುತ್ತಾಳೆ!

ಕಾಫಿ ಎಂದರೆ ಆರೋಗ್ಯ ಕೆಡಿಸುವ ಹೊಸ ಚಟ ಎಂದು ಆಗ ಅನೇಕ ಹಿರಿಯರು ಗೊಣಗುತ್ತಿದ್ದರು. ಕಾಫಿ, ಟೀ ನಮ್ಮ ಹಳ್ಳಿಗಳಿಗೆ ಹೊಸದಾಗಿ ಬಂದಾಗಲೂ ಅಜ್ಜಂದಿರು ಹೀಗೇ ಬೈಯುತ್ತಿದ್ದರಂತೆ. ಆ ಗೊಣಗಾಟವನ್ನು ಕಾಫಿ ಹೌಸಿನಲ್ಲೇ ಕೂತು, ಕಾಫಿ ಕುಡಿಯುತ್ತಿರುವವರ ಎದುರಿಗೇ ಹಾಡಿಸಿ ನಗಿಸುವುದೆಂದರೆ ಅದರ ಸೊಗಸೇ ಬೇರೆ. ಮ್ಯಾಥ್ಯೂ ಪ್ಯಾಶನ್‌ನಂಥ, ಕಣ್ಣು ತೇವವಾಗಿಸುವ ಕೃತಿ ಬರೆದ ಕೈಯೇ ಇದನ್ನೂ ಬರೆಯಿತು. ಎರಡಕ್ಕೂ ಅವನು ಹಾಕಿದ ಶ್ರದ್ಧೆಯಲ್ಲಿ ವ್ಯತ್ಯಾಸ ಕಾಣುವುದಿಲ್ಲ.

ಬಾಗಿಲು ಮುಚ್ಚಿದ ಮೇಲೆ

1737ರಲ್ಲಿ ಬಾಖ್ ತಂಡದ ಹೊಣೆ ಬಿಟ್ಟ. 1739ರಲ್ಲಿ ಮತ್ತೆ ವಹಿಸಿಕೊಂಡ. 1741ರಲ್ಲಿ ಜಿಮ್ಮರ್‌ಮನ್ ತೀರಿಕೊಂಡ. ಅದರೊಂದಿಗೆ ಆ ಶುಕ್ರವಾರಗಳ ಕಾಲವೂ ಮುಗಿಯುತ್ತ ಬಂತು. ಬಾಖ್ ನಿಧಾನವಾಗಿ ಊರಿನ ಗದ್ದಲದಿಂದ ಹಿಂದೆ ಸರಿದು ತನ್ನ ದೊಡ್ಡ ಕೃತಿಗಳಲ್ಲಿ ಮುಳುಗಿದ. ಬದುಕಿನ ಕೊನೆಗೆ ಕಣ್ಣು ಮಂಜಾಯಿತು. 1750ರಲ್ಲಿ ಜಾನ್ ಟೇಲರ್ ಎಂಬ ಇಂಗ್ಲಿಷ್ ವೈದ್ಯ ಎರಡು ಸಲ ಶಸ್ತ್ರಚಿಕಿತ್ಸೆ ಮಾಡಿದ. ಅರಿವಳಿಕೆ ಇಲ್ಲದ ಕಾಲ ಅದು. ದೃಷ್ಟಿ ಬರಲಿಲ್ಲ, ಇದ್ದ ಆರೋಗ್ಯವೂ ಹೋಯಿತು. ಜುಲೈ 28ರಂದು, 65ನೇ ವಯಸ್ಸಿನಲ್ಲಿ ಬಾಖ್ ಕಣ್ಮುಚ್ಚಿದ. ಅವನನ್ನು ಗುರುತಿನ ಕಲ್ಲೂ ಇಲ್ಲದ ಸಮಾಧಿಯಲ್ಲಿ ಹೂಳಿದರು. ಅವನ ಎಷ್ಟೋ ಹಾಳೆಗಳನ್ನು ತನ್ನ ಕೈಯಾರೆ ನಕಲು ಮಾಡಿದ್ದ ಆನಾ ಮ್ಯಾಗ್ಡಲೀನಾ ಊರಿನವರ ದಾನದ ಮೇಲೆ ಬದುಕಿ 1760ರಲ್ಲಿ ತೀರಿಕೊಂಡಳು.

ಆದರೆ ಕಾಫಿ ಹೌಸಿನಲ್ಲಿ ಕೇಳುವ ರುಚಿ ಹತ್ತಿದ ಊರು ಸುಮ್ಮನಿರಲಿಲ್ಲ. 1743ರಲ್ಲಿ ಲೈಪ್‌ಜಿಗ್‌ನ ಹದಿನಾರು ಜನ ಸೇರಿ ಹದಿನಾರು ಮಂದಿ ವಾದ್ಯಗಾರರ ಖರ್ಚು ಹೊತ್ತು ಹೊಸ ಕಛೇರಿಗಳನ್ನು ಶುರು ಮಾಡಿದರು. ಮೊದಲು ಮನೆಗಳಲ್ಲಿ, ಆಮೇಲೆ ಒಂದು ವಸತಿಗೃಹದಲ್ಲಿ ನಡೆದವು. 1781ರಲ್ಲಿ ಬಟ್ಟೆ ವ್ಯಾಪಾರಿಗಳ ಕಟ್ಟಡದೊಳಗೆ ಸಭಾಂಗಣವೇ ಸಿದ್ಧವಾಯಿತು. ಇಂದಿಗೂ ಜಗತ್ಪ್ರಸಿದ್ಧವಾಗಿರುವ ಗೆವಾಂಡ್‌ಹೌಸ್ ಆರ್ಕೆಸ್ಟ್ರಾ ಅದೇ. 1829ರಲ್ಲಿ ಮೆಂಡೆಲ್‌ಸನ್ ಎಂಬ ಇಪ್ಪತ್ತರ ತರುಣ ಬರ್ಲಿನ್‌ನಲ್ಲಿ ಮ್ಯಾಥ್ಯೂ ಪ್ಯಾಶನ್ ಹಾಡಿಸಿ ಮರೆತುಹೋಗಿದ್ದ ಬಾಖ್‌ನನ್ನು ಜನರಿಗೆ ಮತ್ತೆ ತೋರಿಸಿದ. ಮುಂದೆ ಅವನೇ ಗೆವಾಂಡ್‌ಹೌಸ್‌ನ ನಿರ್ದೇಶಕನಾದ.

ಜಿಮ್ಮರ್‌ಮನ್‌ನ ಕಟ್ಟಡ ಇನ್ನೂರು ವರ್ಷ ನಿಂತಿತ್ತು. ಎರಡನೇ ಮಹಾಯುದ್ಧದಲ್ಲಿ, 1943ರ ಡಿಸೆಂಬರ್ 4ರ ಬಾಂಬ್ ದಾಳಿಗೆ ಸುಟ್ಟುಹೋಯಿತು. ಸಂಗೀತ ಮಾತ್ರ ಬಹಳ ದೂರ ಹೋಗಿದೆ. 1977ರಲ್ಲಿ ಅಂತರಿಕ್ಷಕ್ಕೆ ಹಾರಿದ ಎರಡು ವಾಯೇಜರ್ ನೌಕೆಗಳಲ್ಲಿ ಭೂಮಿಯ ಸಂಗೀತವನ್ನು ತುಂಬಿದ ಚಿನ್ನದ ಲೇಪದ ತಟ್ಟೆಗಳಿವೆ. ಅದರಲ್ಲಿ ಬಾಖ್‌ನ ಮೂರು ರಚನೆಗಳಿವೆ. ಅವುಗಳ ಜೊತೆಗೇ ನಮ್ಮ ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿಯೂ ಸಾಗುತ್ತಿದೆ. ನಮ್ಮ ಮಲ್ಲಿಕಾರ್ಜುನ ಮನ್ಸೂರರು ಹಾಡಿದ ಜೈಪುರ ಘರಾಣೆಯೇ ಕೇಸರಬಾಯಿ ಅವರದೂ.

ಬಾಖ್‌ನ ಪ್ರತಿಭೆ ದೈವದತ್ತ ಎಂದು ಕೈಮುಗಿದು ಸುಮ್ಮನಾಗುವುದು ಸುಲಭ. ಅವನ ಬದುಕಿನಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಆ ಕಾಫಿ ಹೌಸಿನ ಯಜಮಾನ. ಹಾಡಬಲ್ಲ, ನುಡಿಸಬಲ್ಲ ಹುಡುಗ ಹುಡುಗಿಯರು ನಮ್ಮ ಹರಿಹರ, ದಾವಣಗೆರೆಯ ಕಾಲೇಜುಗಳಲ್ಲೂ ಇದ್ದಾರೆ. ಹಳ್ಳಿಯ ಭಜನೆಯಲ್ಲಿ ಹಾರ್ಮೋನಿಯಂ, ತಬಲಾ ಕಲಿತವರಿದ್ದಾರೆ. ಯುವಜನೋತ್ಸವದಲ್ಲಿ ಒಂದು ದಿನ ಚಪ್ಪಾಳೆ ಬೀಳುತ್ತದೆ, ಪ್ರಮಾಣಪತ್ರ ಸಿಗುತ್ತದೆ. ಆಮೇಲೆ ಡಿಗ್ರಿ ಮುಗಿಯುತ್ತದೆ, ಕೆಲಸ ಹುಡುಕುವ ಓಡಾಟ ಶುರುವಾಗುತ್ತದೆ, ವಾದ್ಯ ಅಟ್ಟ ಸೇರುತ್ತದೆ. ಅವರಿಗೆ ದೊಡ್ಡ ವೇದಿಕೆಯೇ ಬೇಕಾಗಿಲ್ಲ. ವಾರಕ್ಕೊಮ್ಮೆ ಎರಡು ಗಂಟೆ, ಒಂದು ಮೂಲೆ, ಕೇಳುವ ಹತ್ತು ಜನ ಇದ್ದರೆ ಸಾಕು.

ಬೆಣ್ಣೆ ದೋಸೆಗೆ ಹೆಸರಾದ ಊರು ನಮ್ಮದು. ಸಂಜೆಯಾದರೆ ಹೋಟೆಲ್‌ಗಳು ತುಂಬಿರುತ್ತವೆ. ಅವುಗಳಲ್ಲಿ ಒಂದಾದರೂ ವಾರಕ್ಕೊಂದು ಸಂಜೆ ನಾಲ್ಕು ಕುರ್ಚಿ ಸರಿಸಿ ಹುಡುಗರಿಗೆ ಜಾಗ ಮಾಡಿಕೊಟ್ಟರೆ ಯಜಮಾನರಿಗೆ ನಷ್ಟವೇನೂ ಆಗದು. ಕಾಫಿ ಇನ್ನೆರಡು ಲೋಟ ಹೆಚ್ಚೇ ಖರ್ಚಾದೀತು. ನಾವೂ ಮೊಬೈಲ್ ಕೆಳಗಿಟ್ಟು ಕೂತು ಕೇಳಬೇಕು, ಅಷ್ಟೇ.

– ಕೊಕ್ಕನೂರು, ಹರಿಹರ ತಾಲ್ಲೂಕು